ಕಡತ ಎದುರಿಗೇ ಇದೆ, ಆಪ್‌ಗೆ ಮಾತ್ರ ಕಾಣುತ್ತಿಲ್ಲ: ಸ್ಯಾಂಡ್‌ಬಾಕ್ಸ್ ತಡೆಯನ್ನು ಪತ್ತೆಹಚ್ಚುವ ಕೈಪಿಡಿ

ಫೈಲ್ ಮ್ಯಾನೇಜರ್‌ನಲ್ಲಿ ಕಡತ ಕಾಣುತ್ತದೆ. ಅದನ್ನೇ ಆಪ್‌ನೊಳಗಿನಿಂದ ತೆರೆಯಹೋದರೆ ‘ಅಂಥದ್ದು ಇಲ್ಲ’ ಎಂಬ ಉತ್ತರ ಬರುತ್ತದೆ. ಮೈಕ್ ಸರಿಯಾಗಿದೆ, ಬೇರೆ ಆಪ್‌ನಲ್ಲಿ ದನಿ ಹೋಗುತ್ತದೆ. ಇದರಲ್ಲಿ ಮಾತ್ರ ಹೋಗುವುದಿಲ್ಲ. ಸರ್ವರ್‌ನಲ್ಲಿ ಫೋಲ್ಡರಿನ ಅನುಮತಿಗಳೆಲ್ಲ ನೆಟ್ಟಗಿವೆ. ಆದರೂ ಸೇವೆ ಶುರುವಾಗುತ್ತಲೇ ನಿಂತುಹೋಗುತ್ತದೆ. ಇಂಥ ತೊಂದರೆ ಎದುರಾದಾಗ ಜನ ಸಾಮಾನ್ಯವಾಗಿ ಆಪ್ ಅಳಿಸಿ ಮತ್ತೆ ಹಾಕುತ್ತಾರೆ, ಅದೂ ಫಲಿಸದಿದ್ದರೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಎಷ್ಟೋ ಸಲ ಅಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ಆಪ್‌ಗೆ ಹಾಕಿರುವ ಮಿತಿ ತನ್ನ ಕೆಲಸ ಮಾಡಿರುತ್ತದೆ, ಅಷ್ಟೇ.

ಹಳೆಯ ಪದ್ಧತಿಯಲ್ಲಿ ನೀವು ತೆರೆದ ಪ್ರತಿಯೊಂದು ಆಪ್‌ಗೂ ನಿಮಗಿರುವ ಎಲ್ಲ ಅಧಿಕಾರ ಸಿಗುತ್ತಿತ್ತು. ಹಾಡು ಕೇಳಿಸುವ ಪ್ಲೇಯರ್ ಮನಸ್ಸು ಮಾಡಿದರೆ ನಿಮ್ಮ ಬ್ಯಾಂಕ್ ದಾಖಲೆಗಳನ್ನೂ ಓದಬಹುದಿತ್ತು. ಆ ಅಧಿಕಾರವನ್ನು ಪ್ರೊಸೆಸ್ (ಓಡುತ್ತಿರುವ ಆಪ್) ಮಟ್ಟದಲ್ಲೇ ಕತ್ತರಿಸುವ ಏರ್ಪಾಡು ಸ್ಯಾಂಡ್‌ಬಾಕ್ಸ್. ಲಿನಕ್ಸ್‌ನಲ್ಲಿ ಆಪ್‌ಗೆ ಬೇರೆಯದೇ ನೋಟ ಕೊಡುವ ನೇಮ್‌ಸ್ಪೇಸ್, ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಆಪ್ ಮಾಡುವ ಕೋರಿಕೆಗಳನ್ನು (ಸಿಸ್ಟಮ್ ಕಾಲ್) ಸೋಸುವ ಸೆಕ್‌ಕಾಂಪ್, ಯಾವ ಆಪ್ ಏನನ್ನು ಮುಟ್ಟಬಹುದೆಂದು ನಿಯಮ ಹಾಕುವ ಆಪ್‌ಆರ್ಮರ್, ಎಸ್‌ಇಲಿನಕ್ಸ್. ವಿಂಡೋಸ್‌ನಲ್ಲಿ ಪ್ರೊಸೆಸ್‌ಗಳನ್ನು ನಂಬಿಕೆಗೆ ತಕ್ಕಂತೆ ಮೇಲೆ-ಕೆಳಗೆ ಇಡುವ ಇಂಟೆಗ್ರಿಟಿ ಮಟ್ಟಗಳು ಮತ್ತು 2012ರಲ್ಲಿ ವಿಂಡೋಸ್ 8ರ ಜೊತೆಗೆ ಬಂದ ಆಪ್‌ಕಂಟೇನರ್. ಮ್ಯಾಕ್‌ನಲ್ಲಿ ಆಪ್ ಸ್ಯಾಂಡ್‌ಬಾಕ್ಸ್. ಆಂಡ್ರಾಯ್ಡ್‌ನಲ್ಲಿ ಪ್ರತಿ ಆಪ್‌ಗೂ ಬೇರೆಯದೇ ಬಳಕೆದಾರ ಸಂಖ್ಯೆ. ಹೆಸರುಗಳು ಎಷ್ಟೇ ಇರಲಿ, ಪತ್ತೆಹಚ್ಚುವ ಕ್ರಮ ಒಂದೇ: ತಡೆದದ್ದು ಯಾವ ಪದರ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಆ ಪದರದಲ್ಲಿ ಬೇಕಾದ ಒಂದು ಅನುಮತಿಯನ್ನಷ್ಟೇ ಕೊಡಬೇಕು.

ಆದೇಶಗಳನ್ನೂ ದೋಷ ಸಂದೇಶಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಏನನ್ನಾದರೂ ಬದಲಿಸುವ ಮುನ್ನ

ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡೋಣ. ತೆರೆಯದ ಕಡತವನ್ನು ಡೌನ್‌ಲೋಡ್ಸ್ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರಿಗೆ ನಕಲು ಮಾಡಿ, ಅಲ್ಲಿಂದ ತೆರೆಯಿರಿ. ಅಲ್ಲಿ ತೆರೆದರೆ ಕಡತವೂ ಸರಿಯಿದೆ, ಆಪ್ ಕೂಡ ಸರಿಯಿದೆ, ತಕರಾರು ಇರುವುದು ಜಾಗದ್ದು. ಅಲ್ಲೂ ತೆರೆಯದಿದ್ದರೆ ಬೇರೊಂದು ಆಪ್‌ನಲ್ಲಿ ತೆರೆಯಿರಿ. ಯಾವುದರಲ್ಲೂ ತೆರೆಯದ ಕಡತ ಹಾಳಾಗಿರುವುದೇ ಹೆಚ್ಚು. ಆಗ ಈ ಕೈಪಿಡಿಯಿಂದ ನಿಮಗೆ ಉಪಯೋಗವಿಲ್ಲ.

ಎರಡನೆಯದಾಗಿ, ಆಪ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಅನುಮತಿ ಕೊಟ್ಟ ಮೇಲೂ ಎಷ್ಟೋ ಆಪ್‌ಗಳು ಹೊಸದಾಗಿ ಶುರುವಾಗುವವರೆಗೆ ಅದನ್ನು ಗಮನಿಸುವುದಿಲ್ಲ. ಮ್ಯಾಕ್‌ನಲ್ಲಿ ಪರದೆ ದಾಖಲಿಸುವ ಅನುಮತಿಯ ಕಥೆ ಇದೇ.

ಮೂರನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ: ಈ ಆಪ್ ಬಂದದ್ದು ಎಲ್ಲಿಂದ? ಉಬುಂಟು ಎಂಬ ಲಿನಕ್ಸ್‌ನಲ್ಲಿ ಒಂದೇ ಆಪ್ ಸ್ನ್ಯಾಪ್ ಆಗಿಯೂ ಫ್ಲಾಟ್‌ಪ್ಯಾಕ್ ಆಗಿಯೂ ಡೆಬ್ ಪ್ಯಾಕೇಜ್ ಆಗಿಯೂ ಸಿಗಬಹುದು (ಮೂರೂ ಆಪ್ ಹಂಚುವ ಬೇರೆ ಬೇರೆ ರೂಪಗಳು). ಮೊದಲೆರಡಕ್ಕೆ ಸಾಮಾನ್ಯವಾಗಿ ಸ್ಯಾಂಡ್‌ಬಾಕ್ಸ್ ಇರುತ್ತದೆ, ಮೂರನೆಯದಕ್ಕೆ ಬಹುಮಟ್ಟಿಗೆ ಇರುವುದಿಲ್ಲ. ಸ್ನ್ಯಾಪ್‌ನಲ್ಲೂ ‘ಕ್ಲಾಸಿಕ್’ ಎಂಬ ಗುರುತು ಹೊತ್ತವು ಮುಕ್ತವಾಗಿಯೇ ಓಡುತ್ತವೆ. ಮ್ಯಾಕ್ ಆಪ್ ಸ್ಟೋರ್‌ನಿಂದ ಬಂದವಕ್ಕೆ 2012ರ ಜೂನ್‌ನಿಂದ ಸ್ಯಾಂಡ್‌ಬಾಕ್ಸ್ ಕಡ್ಡಾಯ; ತಯಾರಕರ ಜಾಲತಾಣದಿಂದ ಇಳಿಸಿದವಕ್ಕೆ ಕಡ್ಡಾಯವಿಲ್ಲ. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್‌ನಲ್ಲಿ ‘ಸ್ಯಾಂಡ್‌ಬಾಕ್ಸ್’ ಎಂಬ ಕಾಲಮ್ ಸೇರಿಸಿಕೊಂಡರೆ ಪ್ರತಿ ಪ್ರೊಸೆಸ್‌ನ ಎದುರು ಹೌದು ಅಥವಾ ಇಲ್ಲ ಎಂದು ಕಾಣುತ್ತದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಉಚಿತ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದು ‘ಇಂಟೆಗ್ರಿಟಿ’ ಕಾಲಮ್ ನೋಡಿ. ‘ಮೀಡಿಯಂ’ ಎಂದಿದ್ದರೆ ಮಾಮೂಲಿ ಆಪ್. ‘ಲೋ’, ‘ಅನ್‌ಟ್ರಸ್ಟೆಡ್’, ‘ಆಪ್‌ಕಂಟೇನರ್’ ಎಂದಿದ್ದರೆ ಅಧಿಕಾರ ಕತ್ತರಿಸಿದ ಪ್ರೊಸೆಸ್.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಡುಕಿದರೆ ಸಿಗುವ ಪರಿಹಾರಗಳಲ್ಲಿ ಮೂರು ಪದೇಪದೇ ಕಾಣುತ್ತವೆ: ಕಡತಕ್ಕೆ 777 ಅನುಮತಿ ಕೊಡಿ, ಎಸ್‌ಇಲಿನಕ್ಸ್ ಆಫ್ ಮಾಡಿ, ‘ನೋ-ಸ್ಯಾಂಡ್‌ಬಾಕ್ಸ್’ ಎಂದು ಸೇರಿಸಿ ಆಪ್ ಓಡಿಸಿ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗೆ ಇದು. ಅದರಲ್ಲೂ ಮೊದಲನೆಯದರಿಂದ ಹೆಚ್ಚಿನ ಸಲ ಕೆಲಸವೇ ಆಗುವುದಿಲ್ಲ, ಏಕೆಂದರೆ ತಡೆದದ್ದು ಕಡತದ ಅನುಮತಿಯಲ್ಲ. ತೊಂದರೆ ಹಾಗೇ ಉಳಿಯುತ್ತದೆ, ಕಡತವನ್ನು ಮಾತ್ರ ಯಾರು ಬೇಕಾದರೂ ತಿದ್ದುವ ಹಾಗಾಗಿರುತ್ತದೆ.

ದೋಷ ಸಂದೇಶದ ಪದಗಳನ್ನು ನೋಡಿ ಓದಿ

ಸಂದೇಶ ಬಂದೊಡನೆ ಮುಚ್ಚಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ನಿರಾಕರಣೆಯನ್ನು ಬೇರೆ ಬೇರೆ ಪದರಗಳು ಬೇರೆ ಬೇರೆ ಪದಗಳಲ್ಲಿ ಹೇಳುತ್ತವೆ, ಅರ್ಧ ರೋಗನಿರ್ಣಯ ಅಲ್ಲೇ ಮುಗಿಯುತ್ತದೆ.

‘ಪರ್ಮಿಷನ್ ಡಿನೈಡ್’ ಎಂದರೆ ಕಡತದ ಮಾಮೂಲಿ ಅನುಮತಿ ತಡೆದಿರಬಹುದು, ಇಲ್ಲವೇ ಲಿನಕ್ಸ್‌ನಲ್ಲಿ ಆಪ್‌ಆರ್ಮರ್ ಅಥವಾ ಎಸ್‌ಇಲಿನಕ್ಸ್ ತಡೆದಿರಬಹುದು. ಮೊದಲು ಮಾಲೀಕರು ಯಾರು, ಓದುವ ಅನುಮತಿ ಇದೆಯೇ ಎಂದು ನೋಡಿ. ಅದು ಸರಿಯಿದ್ದೂ ಸಂದೇಶ ಬರುತ್ತಿದ್ದರೆ ಆ ಎರಡರಲ್ಲಿ ಒಂದರ ಮೇಲೆ ಸಂಶಯಪಡಿ.

‘ಆಪರೇಷನ್ ನಾಟ್ ಪರ್ಮಿಟೆಡ್’ ಕೇಳಲು ಹಾಗೆಯೇ ಇದ್ದರೂ ಬೇರೆಯದು. ಮ್ಯಾಕ್‌ನ ಟರ್ಮಿನಲ್‌ನಲ್ಲಿ ನಿಮ್ಮದೇ ಡೆಸ್ಕ್‌ಟಾಪ್ ಫೋಲ್ಡರ್ ನೋಡಹೋದಾಗ, ಅದೂ ಸೂಡೊ (ಅಡ್ಮಿನ್ ಅಧಿಕಾರ ಕೊಡುವ ಆದೇಶ) ಹಾಕಿದ ಮೇಲೂ, ಈ ಸಂದೇಶ ಬಂದರೆ ತಡೆದದ್ದು ಕಡತದ ಅನುಮತಿಯಲ್ಲ, ಆಪಲ್‌ನ ಗೋಪ್ಯತೆಯ ಪದರ. 2019ರ ಕ್ಯಾಟಲಿನಾದಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಅದರ ಕಾಪಿನಲ್ಲಿವೆ. ಲಿನಕ್ಸ್ ಕಂಟೇನರ್ (ಆಪ್ ಅನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಒಳಗೆ ಇದೇ ಸಂದೇಶ ಬಂದರೆ ಸಿಸ್ಟಮ್ ಕಾಲ್‌ಗಳನ್ನು ಸೋಸುವ ಸೆಕ್‌ಕಾಂಪ್ ಮೇಲೆ ಸಂಶಯಪಡಿ.

‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’, ಕಡತ ಎದುರಿಗೇ ಇರುವಾಗ! ದಾರಿ ತಪ್ಪಿಸುವ ಸಂದೇಶ ಇದು. ಆಪ್ ಸುಳ್ಳು ಹೇಳುತ್ತಿಲ್ಲ; ಅದಕ್ಕೆ ತೋರಿಸಿರುವ ಫೈಲ್ ವ್ಯವಸ್ಥೆಯಲ್ಲಿ ಆ ಕಡತ ನಿಜವಾಗಿಯೂ ಇಲ್ಲ. ಫ್ಲಾಟ್‌ಪ್ಯಾಕ್ ತನ್ನ ಆಪ್‌ಗೆ ಬೇರೆಯದೇ ನೋಟ ಕಟ್ಟಿಕೊಡುತ್ತದೆ. ಓಪನ್‌ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯ ‘ಅನ್‌ವೇಲ್’ ಕೂಡ, 2018ರಲ್ಲಿ ಬಂದಾಗಿನಿಂದ, ತೆರೆದು ತೋರಿಸದ ಕಡತಗಳ ವಿಷಯದಲ್ಲಿ ಹೀಗೆಯೇ ಉತ್ತರಿಸುತ್ತದೆ; ಅಲ್ಲಿ ಫೈರ್‌ಫಾಕ್ಸ್‌ಗೆ ಡೌನ್‌ಲೋಡ್ಸ್ ಬಿಟ್ಟು ಹೋಮ್‌ನ ಉಳಿದ ಫೋಲ್ಡರುಗಳು ಕಾಣದಿರುವುದು ದೋಷವಲ್ಲ.

‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂದರೆ ಡಿಸ್ಕ್ ಹಾಳಾಗಿರಬಹುದು, ಅದನ್ನು ಮೊದಲು ತಳ್ಳಿಹಾಕಿ. ಬೇರೆ ಆಪ್‌ನಿಂದ ಅದೇ ಫೋಲ್ಡರಿಗೆ ಬರೆಯಲು ಆದರೆ ಡಿಸ್ಕ್ ಸರಿಯಿದೆ, ಈ ಆಪ್‌ಗೆ ಮಾತ್ರ ಓದುವ ಅನುಮತಿ ಕೊಟ್ಟು ಬರೆಯುವ ಅನುಮತಿ ಕೊಟ್ಟಿಲ್ಲ. ಇನ್ನು ‘ಬ್ಯಾಡ್ ಸಿಸ್ಟಮ್ ಕಾಲ್’ ಎಂದು ಹೇಳಿ ಪ್ರೊಸೆಸ್ ಸತ್ತರೆ ಹೆಚ್ಚು ಯೋಚಿಸುವುದೇ ಬೇಡ: ಸೆಕ್‌ಕಾಂಪ್ ಕೊಂದಿದೆ. ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಓಡಿಸಿದ ಸೇವೆಯಾದರೆ ಸ್ಥಿತಿಯಲ್ಲಿ ‘31/ಎಸ್‌ವೈಎಸ್’ ಎಂದು ಕಾಣುತ್ತದೆ.

ಕಡತ ತೆರೆಯುತ್ತದೆ, ಆದರೆ ಅರ್ಧಂಬರ್ಧ

ಉಳಿಸಿಟ್ಟ ವೆಬ್ ಪುಟವನ್ನು ಬ್ರೌಸರ್‌ನಲ್ಲಿ ತೆರೆದರೆ ಅಕ್ಷರ ಮಾತ್ರ ಇದೆ, ಚಿತ್ರವಿಲ್ಲ, ವಿನ್ಯಾಸವಿಲ್ಲ. ಸಿನಿಮಾ ಓಡುತ್ತದೆ, ಪಕ್ಕದಲ್ಲೇ ಅದೇ ಹೆಸರಿನ ಸಬ್‌ಟೈಟಲ್ ಕಡತವಿದ್ದರೂ ಅದು ಬರುವುದಿಲ್ಲ. ಬ್ರೌಸರ್‌ನ ಮೇಲ್ತುದಿಯ ವಿಳಾಸಪಟ್ಟಿಯನ್ನು ನೋಡಿ: ನಿಮ್ಮ ಹೋಮ್ ಫೋಲ್ಡರಿನ ಬದಲು ‘/ರನ್/ಯೂಸರ್/1000/ಡಾಕ್/’ ಎಂದು ಶುರುವಾಗುವ ವಿಚಿತ್ರ ದಾರಿ ಇದ್ದರೆ ಕಾರಣ ಸಿಕ್ಕಿತು.

ಫ್ಲಾಟ್‌ಪ್ಯಾಕ್ ಆಪ್‌ಗೆ ಹೋಮ್ ಫೋಲ್ಡರಿನ ಅನುಮತಿ ಇಲ್ಲದಿದ್ದಾಗ ಕಡತ ಆಯ್ಕೆಯ ಕಿಟಕಿಯನ್ನು ತೆರೆಯುವುದು ಆಪ್ ಅಲ್ಲ, ಹೊರಗಿರುವ ‘ಪೋರ್ಟಲ್’ ಎಂಬ ಸೇವೆ. ನೀವು ಆಯ್ದ ಒಂದು ಕಡತವನ್ನು ಮಾತ್ರ ಅದು ಒಳಗೆ ದಾಟಿಸುತ್ತದೆ. ನೀವು ಕೈಯಾರೆ ಆಯ್ದುಕೊಟ್ಟದ್ದೇ ಅನುಮತಿ, ಯೋಚನೆ ಸೊಗಸಾಗಿದೆ. ಆದರೆ ಪಕ್ಕದ ಚಿತ್ರಗಳನ್ನೂ ಸಬ್‌ಟೈಟಲನ್ನೂ ನೀವು ಆಯ್ದಿರುವುದಿಲ್ಲ.

ಪರಿಹಾರಕ್ಕೆ ‘ಫ್ಲಾಟ್‌ಸೀಲ್’ ಎಂಬ ಆಪ್ ಹಾಕಿಕೊಳ್ಳಿ. ಎಡಗಡೆ ಆಪ್‌ಗಳ ಪಟ್ಟಿ, ಬಲಗಡೆ ಒಂದೊಂದರ ಅನುಮತಿಗಳು. ಫೈಲ್‌ಸಿಸ್ಟಮ್ ಭಾಗದಲ್ಲಿ ‘ಎಲ್ಲ ಕಡತಗಳು’ ಎಂಬ ಸ್ವಿಚ್ ಒತ್ತುವ ಆಸೆಯಾಗುತ್ತದೆ, ಒತ್ತಬೇಡಿ. ಅದರ ಕೆಳಗೆ ಬೇಕಾದ ಫೋಲ್ಡರಿನ ದಾರಿಯನ್ನಷ್ಟೇ ಬರೆಯಲು ಜಾಗವಿದೆ. ಸಿನಿಮಾ ನೋಡಲು ಮಾತ್ರವಾದರೆ ಫೋಲ್ಡರಿನ ಹೆಸರಿನ ಕೊನೆಗೆ ಕೋಲನ್ ಇಟ್ಟು ‘ಆರ್‌ಒ’ ಸೇರಿಸಿ, ಓದುವುದಕ್ಕಷ್ಟೇ ಅನುಮತಿಯಾಗುತ್ತದೆ.

ಸ್ನ್ಯಾಪ್‌ನಲ್ಲಿ ಲಕ್ಷಣ ತುಸು ಬೇರೆ. ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಮರೆ ಫೋಲ್ಡರುಗಳು ಕಾಣುವುದಿಲ್ಲ. ಪೆನ್‌ಡ್ರೈವ್ ಎಷ್ಟೋ ಆಪ್‌ಗಳಿಗೆ ಕಾಣುವುದಿಲ್ಲ. ‘ಸ್ನ್ಯಾಪ್ ಕನೆಕ್ಷನ್ಸ್’ ಎಂದು ಬರೆದು ಆಪ್‌ನ ಹೆಸರು ಕೊಟ್ಟರೆ ಯಾವ ಕೊಂಡಿ ಸೇರಿದೆ, ಯಾವುದು ಸೇರಿಲ್ಲ ಎಂಬ ಪಟ್ಟಿ ಬರುತ್ತದೆ. ‘ರಿಮೂವಬಲ್-ಮೀಡಿಯಾ’ ಎದುರು ಬರೀ ಅಡ್ಡಗೆರೆ ಇದ್ದರೆ ‘ಸ್ನ್ಯಾಪ್ ಕನೆಕ್ಟ್’ ಆದೇಶದಿಂದ ಅದೊಂದನ್ನು ಸೇರಿಸಿ. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ ಇನ್ನೊಂದು ಮಾತು: 22.04ರಿಂದ ಉಬುಂಟುವಿನ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದ್ದು, ಅದಕ್ಕೆ ನಿಮ್ಮ ಕಂಪ್ಯೂಟರಿನ ಮಾಮೂಲಿ ಲೈಬ್ರರಿ ಫೋಲ್ಡರ್ ಕಾಣುವುದಿಲ್ಲ. ಟೋಕನ್ ಕಂಪನಿ ಕೊಟ್ಟ ಡ್ರೈವರ್ ಅನ್ನು ಎಷ್ಟು ಸಲ ಮತ್ತೆ ಹಾಕಿದರೂ ಅದು ಈ ಬ್ರೌಸರ್‌ನ ಕಣ್ಣಿಗೆ ಬೀಳದು. ಮೊಜಿಲ್ಲಾದವರೇ ಕೊಡುವ ಡೆಬ್ ಪ್ಯಾಕೇಜಿನ ಫೈರ್‌ಫಾಕ್ಸ್ ಹಾಕಿಕೊಂಡು ಟೋಕನ್ ಕೆಲಸಕ್ಕೆ ಅದನ್ನು ಬಳಸುವುದು ಸುಲಭದ ದಾರಿ.

ಮ್ಯಾಕ್‌ನಲ್ಲಿ ಅನುಮತಿ ಕೇಳುವ ಕಿಟಕಿಗೆ ಒಮ್ಮೆ ‘ಬೇಡ’ ಎಂದರೆ ಸಾಮಾನ್ಯವಾಗಿ ಅದು ಮತ್ತೆ ಕೇಳುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ‘ಫೈಲ್ಸ್ ಆ್ಯಂಡ್ ಫೋಲ್ಡರ್ಸ್’ ತೆರೆದು ಆ ಆಪ್‌ನ ಎದುರಿನ ಸ್ವಿಚ್ ಹಾಕಿ. ‘ಫುಲ್ ಡಿಸ್ಕ್ ಆ್ಯಕ್ಸೆಸ್’ ಎಂಬ ಸ್ವಿಚ್ ಬ್ಯಾಕಪ್ ತಂತ್ರಾಂಶದಂಥವಕ್ಕೆ ಬೇಕಾಗುತ್ತದೆ. ಫೋಟೊ ತಿದ್ದುವ ಆಪ್ ಅದನ್ನು ಕೇಳಿದರೆ ಏಕೆ ಎಂದು ವಿಚಾರಿಸಿ.

‘ಉಳಿಸಲಾಗಿದೆ’ ಎನ್ನುತ್ತದೆ, ಕಡತ ಎಲ್ಲೂ ಇಲ್ಲ

ಈ ಲಕ್ಷಣಕ್ಕೆ ಜನ ಬಹಳ ಹೆದರುತ್ತಾರೆ. ಹೆದರಬೇಕಿಲ್ಲ, ಕಡತ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತದೆ. ಆದರೆ ಹುಡುಕಿ ಸಿಗುವವರೆಗೆ ಆಪ್ ಅನ್ನು ಅಳಿಸಬೇಡಿ. ಅದರ ಖಾಸಗಿ ಫೋಲ್ಡರ್ ಕೂಡ ಜೊತೆಗೇ ಹೋಗಬಹುದು, ಆಗ ನಿಜವಾಗಿಯೂ ಹೆದರಬೇಕಾಗುತ್ತದೆ.

ಅಂಗಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ 32 ಬಿಟ್ ಲೆಕ್ಕಪತ್ರದ ತಂತ್ರಾಂಶಗಳನ್ನು ತೆಗೆದುಕೊಳ್ಳಿ. ಅವು ತಮ್ಮ ಡೇಟಾವನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗೇ ಬರೆಯುವ ಅಭ್ಯಾಸದವು. ವಿಸ್ಟಾ ಕಾಲದಿಂದ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಆದರೆ ಹಳೆಯ ತಂತ್ರಾಂಶ ಮುರಿದುಬೀಳದಿರಲೆಂದು ಬರೆದದ್ದನ್ನು ಸದ್ದಿಲ್ಲದೆ ಬಳಕೆದಾರನ ‘ಆಪ್‌ಡೇಟಾ’ದ ‘ಲೋಕಲ್’ ಒಳಗಿನ ‘ವರ್ಚುಯಲ್‌ಸ್ಟೋರ್’ ಫೋಲ್ಡರಿಗೆ ತಿರುಗಿಸುತ್ತದೆ. ಆದ್ದರಿಂದಲೇ ಒಬ್ಬರ ಲಾಗಿನ್‌ನಲ್ಲಿ ನಿನ್ನೆಯ ಬಿಲ್ಲುಗಳು ಕಾಣುತ್ತವೆ, ಇನ್ನೊಬ್ಬರ ಲಾಗಿನ್‌ನಲ್ಲಿ ಕಾಣುವುದಿಲ್ಲ. ಅದೇ ತಂತ್ರಾಂಶವನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದರೆ ಮತ್ತೆ ಬೇರೆ ಲೆಕ್ಕ ಕಾಣುತ್ತದೆ, ಏಕೆಂದರೆ ಆಗ ಅದು ನಿಜವಾದ ಪ್ರೋಗ್ರಾಂ ಫೈಲ್ಸ್ ಅನ್ನು ಓದುತ್ತದೆ. ಎರಡು ಕಡೆಯ ಡೇಟಾವನ್ನೂ ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ದಿನಾಂಕ ನೋಡಿ ಯಾವುದು ಹೊಸದು ಎಂದು ಗುರುತಿಸಿ, ಆಮೇಲೆ ಡೇಟಾ ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್‌ನಿಂದ ಹೊರಗೆ ಸಾಗಿಸಿ. ಎರಡೂ ಕಡೆ ಹೊಸ ನಮೂದುಗಳಿದ್ದರೆ ನಿಲ್ಲಿಸಿ. ಅವನ್ನು ಒಂದುಗೂಡಿಸುವುದು ಆ ತಂತ್ರಾಂಶ ಬಲ್ಲವರ ಕೆಲಸ.

ಮೈಕ್ರೋಸಾಫ್ಟ್ ಸ್ಟೋರ್‌ನ ಆಪ್‌ಗಳು ಆಪ್‌ಡೇಟಾಕ್ಕೆ ಬರೆದದ್ದು ‘ಪ್ಯಾಕೇಜಸ್’ ಎಂಬ ಉಪಫೋಲ್ಡರಿಗೆ ತಿರುಗುವುದುಂಟು. ಲಿನಕ್ಸ್‌ನಲ್ಲಿ ‘ಟೆಂಪ್’ ಫೋಲ್ಡರ್ ನೋಡಿ: ಸ್ನ್ಯಾಪ್ ಆಪ್‌ಗಳಿಗೂ ಸಿಸ್ಟಮ್‌ಡಿಯ ‘ಪ್ರೈವೇಟ್‌ಟೆಂಪ್’ ಹಾಕಿರುವ ಸೇವೆಗಳಿಗೂ ತಮ್ಮದೇ ಖಾಸಗಿ ಟೆಂಪ್ ಇರುತ್ತದೆ. ಅಪಾಚೆ ವೆಬ್ ಸರ್ವರ್ ‘ಬರೆದೆ’ ಎನ್ನುತ್ತದೆ, ನಿಮ್ಮ ಟೆಂಪ್‌ನಲ್ಲಿ ಇಲ್ಲ. ಇಬ್ಬರ ಮಾತೂ ನಿಜ. ಫ್ಲಾಟ್‌ಪ್ಯಾಕ್‌ನ ಆಪ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನೂ ಡೇಟಾವನ್ನೂ ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ‘ವಾರ್’ ಫೋಲ್ಡರಿನ ‘ಆಪ್’ ಒಳಗೆ ಇಡುತ್ತವೆ.

ಇದಕ್ಕೆ ತದ್ವಿರುದ್ಧವಾಗಿ ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್‌ಗೆ ಉಳಿಸುವುದೇ ಆಗದೆ, ಆಪ್ ಏನೋ ಸಂಬಂಧವಿಲ್ಲದ ದೋಷ ಹೇಳಿದರೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ನೋಡಿ. 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಈ ರಕ್ಷಣೆ, ಕಡತಗಳನ್ನು ಒತ್ತೆಯಿಟ್ಟುಕೊಳ್ಳುವ ರ‍್ಯಾನ್ಸಮ್‌ವೇರ್ ವಿರುದ್ಧದ್ದು. ತಾನಾಗಿ ಆನ್ ಆಗಿರುವುದಿಲ್ಲ, ಯಾರೋ ಹಾಕಿರಬೇಕು. ಈವೆಂಟ್ ವ್ಯೂವರ್‌ನಲ್ಲಿ ಡಿಫೆಂಡರ್‌ನ ‘ಆಪರೇಷನಲ್’ ದಾಖಲೆಯಲ್ಲಿ 1123 ಸಂಖ್ಯೆಯ ನಮೂದು ಇದ್ದರೆ ಖಚಿತವಾಯಿತು. ವಿಂಡೋಸ್ ಸೆಕ್ಯುರಿಟಿಯ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ನಲ್ಲಿ ಆ ಒಂದು ಆಪ್‌ಗೆ ಅವಕಾಶ ಕೊಡಿ, ರಕ್ಷಣೆಯನ್ನೇ ಆಫ್ ಮಾಡಬೇಡಿ.

ಒಂದು ಕಿಟಕಿಯಲ್ಲಿ ಮಾತ್ರ ಕನ್ನಡ ಮೂಡುವುದಿಲ್ಲ

ಬೇರೆಲ್ಲ ಕಡೆ ಕನ್ನಡ ಬರುತ್ತದೆ, ಒಂದು ತಂತ್ರಾಂಶದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ. ಫಾಂಟ್ ಮೇಲೆ ಗೂಬೆ ಕೂರಿಸುವ ಮುನ್ನ ವಿಂಡೋಸ್‌ನಲ್ಲಿ ಒಂದನ್ನು ನೋಡಿ: ಆ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆಯೇ? ಕೀಲಿಗಳನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕಳುಹಿಸುವ ತಂತ್ರಾಂಶಗಳು ಮಾಮೂಲಿ ಮಟ್ಟದಲ್ಲಿ ಓಡುತ್ತವೆ. ಕೆಳಗಿನ ಇಂಟೆಗ್ರಿಟಿ ಮಟ್ಟದ ಪ್ರೊಸೆಸ್ ಮೇಲಿನ ಮಟ್ಟದ ಕಿಟಕಿಗೆ ಕೀಲಿಗಳನ್ನು ಕಳುಹಿಸುವಂತಿಲ್ಲ. ವಿಸ್ಟಾದಿಂದ ಇದು ವಿಂಡೋಸ್‌ನ ನಿಯಮ. ಆ ತಂತ್ರಾಂಶಕ್ಕೆ ನಿಜವಾಗಿಯೂ ಅಡ್ಮಿನ್ ಅಧಿಕಾರ ಬೇಕೇ ಎಂದು ಕೇಳಿಕೊಳ್ಳಿ. ಯಾರೋ ಎಂದೋ ಶಾರ್ಟ್‌ಕಟ್‌ನ ಗುಣಲಕ್ಷಣದಲ್ಲಿ ಹಾಕಿಟ್ಟ ಗುರುತು ಹಾಗೇ ಉಳಿದಿರುವುದೇ ಹೆಚ್ಚು. ತೆಗೆದರೆ ಕನ್ನಡ ಮೂಡುತ್ತದೆ. ಬೇಕೇ ಬೇಕೆಂದಾದರೆ ವಿಂಡೋಸ್‌ನದೇ ಕನ್ನಡ ಕೀಲಿಮಣೆಯನ್ನು ಬಳಸಿ, ಅದು ಈ ಬಗೆಯಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ತಡೆಗೆ ಸಿಕ್ಕುವುದಿಲ್ಲ. ಟೈಪಿಂಗ್ ತಂತ್ರಾಂಶವನ್ನೇ ಅಡ್ಮಿನ್ ಆಗಿ ಓಡಿಸುವ ಸಲಹೆಯೂ ಚಾಲ್ತಿಯಲ್ಲಿದೆ. ನಿಮ್ಮ ಪ್ರತಿ ಕೀಲಿಯನ್ನೂ ನೋಡುವ ಪ್ರೊಸೆಸ್‌ಗೆ ಅಷ್ಟು ಅಧಿಕಾರ ಕೊಡುವುದು ನನಗೆ ಒಪ್ಪಿತವಲ್ಲ.

ಲಿನಕ್ಸ್‌ನಲ್ಲಿ ಕೀಲಿಗಳನ್ನು ಕನ್ನಡವಾಗಿಸುವ ಐಬಸ್ ಸ್ಯಾಂಡ್‌ಬಾಕ್ಸ್‌ನ ಹೊರಗೆ ಇರುತ್ತದೆ, ಆಪ್ ಒಳಗೆ. ಫ್ಲಾಟ್‌ಪ್ಯಾಕ್ ಆಪ್‌ನಲ್ಲಿ ಮಾತ್ರ ಕನ್ನಡ ಬರದಿದ್ದರೆ ಐಬಸ್ ಮತ್ತು ಆಪ್ ಎರಡನ್ನೂ ಹೊಸ ಆವೃತ್ತಿಗೆ ತಂದು, ಲಾಗೌಟ್ ಆಗಿ ಮರಳಿ ಬನ್ನಿ. ಹೊಸ ಐಬಸ್‌ಗೆ ಒಳಗಿನವರೊಂದಿಗೆ ಮಾತಾಡಲೆಂದೇ ಒಂದು ಪೋರ್ಟಲ್ ಇದೆ.

ಕ್ಯಾಮೆರಾ, ಮೈಕ್, ಪರದೆ ಹಂಚಿಕೆ

ಇದರಲ್ಲಿ ಹೇಳುವುದು ಹೆಚ್ಚಿಲ್ಲ. ಎರಡು ಹಂತದ ಅನುಮತಿ ಇರುತ್ತದೆ: ಕಾರ್ಯವ್ಯವಸ್ಥೆ ಬ್ರೌಸರ್‌ಗೆ ಕೊಡುವುದು ಒಂದು, ಬ್ರೌಸರ್ ಆ ಜಾಲತಾಣಕ್ಕೆ ಕೊಡುವುದು ಇನ್ನೊಂದು. ಜನ ಎರಡನೆಯದನ್ನು ಮಾತ್ರ ನೋಡುತ್ತಾರೆ. ವಿಂಡೋಸ್‌ನ ಗೋಪ್ಯತೆ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್ ಆಪ್‌ಗಳಿಗೆ ಬೇರೆಯೇ ಸ್ವಿಚ್ ಇದೆ, ಅದನ್ನೂ ನೋಡಿ. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಪರದೆ ಹಂಚಿದಾಗ ಎದುರಿನವರಿಗೆ ಕಪ್ಪು ಕಿಟಕಿ ಮಾತ್ರ ಕಂಡರೆ ಆಪ್ ಹಳೆಯದು. ಪೋರ್ಟಲ್ ಮತ್ತು ದೃಶ್ಯ-ದನಿ ಸಾಗಿಸುವ ಪೈಪ್‌ವೈರ್ ಮೂಲಕ ಕೇಳಲು ಅದಕ್ಕೆ ಬರುವುದಿಲ್ಲ.

ಆಪ್ ತೆರೆಯುವುದೇ ಇಲ್ಲ: ‘ನೋ ಯೂಸಬಲ್ ಸ್ಯಾಂಡ್‌ಬಾಕ್ಸ್’

ಉಬುಂಟು 24.04ಕ್ಕೆ ಏರಿದ ಮೇಲೆ ಹಲವರಿಗೆ ಎದುರಾದದ್ದು ಇದು. ಆಪ್‌ಇಮೇಜ್ ಕಡತವನ್ನು (ಇಡೀ ಆಪ್ ಒಂದೇ ಕಡತವಾಗಿ ಬರುವ ರೂಪ) ಒತ್ತುತ್ತೀರಿ, ಏನೂ ಆಗುವುದಿಲ್ಲ. ಟರ್ಮಿನಲ್‌ನಿಂದ ಓಡಿಸಿದರೆ ಕಾರಣ ಬರುತ್ತದೆ: ಸಹಾಯಕ ಕಡತ ‘ಕ್ರೋಮ್-ಸ್ಯಾಂಡ್‌ಬಾಕ್ಸ್’ ಸರಿಯಾಗಿ ಸಿದ್ಧವಾಗಿಲ್ಲ, ಅದರ ಮಾಲೀಕ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿರಬೇಕು, ಅನುಮತಿ 4755 ಇರಬೇಕು, ಸ್ಯಾಂಡ್‌ಬಾಕ್ಸ್ ಇಲ್ಲದೆ ಓಡುವ ಬದಲು ನಿಲ್ಲುತ್ತಿದ್ದೇನೆ ಎಂದು.

ನಡೆದದ್ದು ಇಷ್ಟು. ಕ್ರೋಮ್ ಬ್ರೌಸರ್‌ಗೆ ಮೂಲವಾದ ಕ್ರೋಮಿಯಂ ಮತ್ತು ಅದರ ಮೇಲೆ ಕಟ್ಟಿದ ಎಲೆಕ್ಟ್ರಾನ್ ಆಪ್‌ಗಳು ತಮ್ಮ ಪುಟ ತೋರಿಸುವ ಪ್ರೊಸೆಸ್‌ಗಳನ್ನು ಯೂಸರ್ ನೇಮ್‌ಸ್ಪೇಸ್ ಒಳಗೆ ಕೂಡಿಹಾಕುತ್ತವೆ. ಅದೇ ನೇಮ್‌ಸ್ಪೇಸ್ ದಾರಿಯಿಂದ ದಾಳಿಕೋರರು ಕರ್ನಲ್‌ನ ದೋಷಗಳನ್ನು ಮುಟ್ಟುತ್ತಿದ್ದರಿಂದ ಉಬುಂಟು 24.04ರಲ್ಲಿ ಆಪ್‌ಆರ್ಮರ್ ಪ್ರೊಫೈಲ್ (ಆಪ್‌ಗೆ ಬರೆದ ನಿಯಮಗಳ ಕಡತ) ಇಲ್ಲದ ಆಪ್‌ಗಳಿಗೆ ಅದರೊಳಗಿನ ಅಧಿಕಾರವನ್ನು ಕಿತ್ತುಕೊಂಡರು. ಒಂದು ರಕ್ಷಣೆ ಇನ್ನೊಂದರ ಕಾಲೆಳೆಯಿತು. ಜನಪ್ರಿಯ ಬ್ರೌಸರ್‌ಗಳಿಗೆ ಪ್ರೊಫೈಲ್ ಸಿದ್ಧವಿದೆ. ನೀವು ಎಲ್ಲಿಂದಲೋ ಇಳಿಸಿದ ಆಪ್‌ಇಮೇಜ್‌ಗೆ ಇಲ್ಲ.

‘ನೋ-ಸ್ಯಾಂಡ್‌ಬಾಕ್ಸ್’ ಎಂದು ಸೇರಿಸಿದರೆ ತಕ್ಷಣ ತೆರೆಯುತ್ತದೆ, ಸಲಹೆ ಕೊಟ್ಟವರು ಹೀರೊ ಆಗುತ್ತಾರೆ. ಆದರೆ ಅಪರಿಚಿತರು ಕಳುಹಿಸುವ ಚಿತ್ರ, ಫಾಂಟ್, ಸ್ಕ್ರಿಪ್ಟ್ ಎಲ್ಲವನ್ನೂ ಬಿಡಿಸಿ ನೋಡುವುದು ಅದೇ ಪ್ರೊಸೆಸ್. ಅಲ್ಲೊಂದು ದೋಷ ಸಿಕ್ಕರೆ ನಿಮ್ಮ ಇಡೀ ಹೋಮ್ ಫೋಲ್ಡರ್ ಅವರ ಕೈಯಲ್ಲಿ. ಚಾಟ್ ಆಪ್‌ಗಂತೂ ಇದನ್ನು ಎಂದೂ ಮಾಡಬೇಡಿ.

ಮಾಡಬೇಕಾದದ್ದು ಹೀಗೆ. ಮೊದಲು ಅದೇ ಆಪ್ ಡೆಬ್ ಅಥವಾ ಫ್ಲಾಟ್‌ಪ್ಯಾಕ್ ರೂಪದಲ್ಲಿ ಸಿಗುತ್ತದೆಯೇ ನೋಡಿ, ಅರ್ಧದಷ್ಟು ಜನರ ತೊಂದರೆ ಅಲ್ಲಿಗೇ ಮುಗಿಯಬೇಕು. ಸಿಗದಿದ್ದರೆ ಆಪ್ ಅನ್ನು ‘ಆಪ್ಟ್’ ಫೋಲ್ಡರಿನಂಥ ಒಂದು ಖಾಯಂ ಜಾಗದಲ್ಲಿ ಇಟ್ಟು, ‘ಆಪ್‌ಆರ್ಮರ್.ಡಿ’ ಫೋಲ್ಡರಿನಲ್ಲಿ ಆ ದಾರಿಗೆ ಚಿಕ್ಕ ಪ್ರೊಫೈಲ್ ಬರೆಯಿರಿ. ಒಳಗಿರುವ ಒಂದೇ ನಿಯಮ ‘ಯೂಸರ್‌ಎನ್‌ಎಸ್’. ಅಲ್ಲೇ ಇರುವ ಕ್ರೋಮ್‌ನ ಪ್ರೊಫೈಲನ್ನು ನಕಲು ಮಾಡಿ ಹೆಸರು ಮತ್ತು ದಾರಿ ಬದಲಿಸಿದರೆ ಸಾಕು. ಬಳಿಕ ಆಪ್‌ಆರ್ಮರ್ ಸೇವೆಯನ್ನು ರೀಲೋಡ್ ಮಾಡಿ. ಇಡೀ ಕಂಪ್ಯೂಟರಿಗೆ ಈ ನಿರ್ಬಂಧವನ್ನು ಆಫ್ ಮಾಡುವ ಕರ್ನಲ್ ಸೆಟ್ಟಿಂಗ್ ಕೂಡ ಇದೆ. ಪರೀಕ್ಷೆಗೆ ಎರಡು ನಿಮಿಷ ಆಫ್ ಮಾಡಬಹುದು, ಖಾಯಂ ಆಗಿ ಬೇಡ.

‘ರೂಟ್ ಆಗಿ ಓಡಿಸಲು ನೋ-ಸ್ಯಾಂಡ್‌ಬಾಕ್ಸ್ ಬೇಕು’ ಎಂಬ ಸಂದೇಶ ಬಂದರೆ ಮದ್ದು ಬೇರೆ: ಬ್ರೌಸರನ್ನು ರೂಟ್ ಆಗಿ ಓಡಿಸಬೇಡಿ. ಕಂಟೇನರ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ಕೆಲಸಕ್ಕಾದರೂ ಒಬ್ಬ ಸಾಮಾನ್ಯ ಬಳಕೆದಾರನನ್ನು ಸೃಷ್ಟಿಸಿಕೊಳ್ಳಿ.

ಸರಿಯಾಯಿತೇ ಎಂದು ನೋಡಲು ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ‘ಕ್ರೋಮ್://ಸ್ಯಾಂಡ್‌ಬಾಕ್ಸ್’ ಎಂದು ಕೊಡಿ. ನೇಮ್‌ಸ್ಪೇಸ್, ಸೆಕ್‌ಕಾಂಪ್ ಎದುರು ‘ಯೆಸ್’ ಇದ್ದು, ಕೊನೆಯಲ್ಲಿ ಸಾಕಷ್ಟು ರಕ್ಷಣೆಯಿದೆ ಎಂಬ ಸಾಲಿರಬೇಕು. ಫೈರ್‌ಫಾಕ್ಸ್‌ನಲ್ಲಿ ‘ಅಬೌಟ್:ಸಪೋರ್ಟ್’ ಪುಟದ ‘ಸ್ಯಾಂಡ್‌ಬಾಕ್ಸ್’ ಭಾಗ ನೋಡಿ.

ಸರ್ವರ್‌ನಲ್ಲಿ: ಅನುಮತಿ ಸರಿಯಿದ್ದರೂ ಸೇವೆ ಓದುವುದಿಲ್ಲ

ಡಿಸ್ಕ್ ತುಂಬಿತೆಂದು ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಡೇಟಾ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಿದ್ದೀರಿ ಎನ್ನಿ. ಮಾಲೀಕ ಸರಿ, ಅನುಮತಿ ಸರಿ, ಆದರೂ ಸೇವೆ ಏಳುವುದಿಲ್ಲ. ‘ಜರ್ನಲ್‌ಸಿಟಿಎಲ್’ಗೆ ‘-ಕೆ’ ಕೊಟ್ಟು ಕರ್ನಲ್ ದಾಖಲೆ ಓದಿ. ಇಂಥದ್ದೊಂದು ಸಾಲು ಸಿಗುತ್ತದೆ:

ಆಪ್‌ಆರ್ಮರ್="ಡಿನೈಡ್" ಆಪರೇಷನ್="ಓಪನ್" ಪ್ರೊಫೈಲ್="/ಯುಎಸ್‌ಆರ್/ಎಸ್‌ಬಿನ್/ಮೈಎಸ್‌ಕ್ಯೂಎಲ್‌ಡಿ" ನೇಮ್="/ಡೇಟಾ/ಮೈಎಸ್‌ಕ್ಯೂಎಲ್/ಐಬಿಡೇಟಾ1" ರಿಕ್ವೆಸ್ಟೆಡ್_ಮಾಸ್ಕ್="ಡಬ್ಲ್ಯೂಆರ್"

ಬೇಕಾದದ್ದೆಲ್ಲ ಈ ಒಂದೇ ಸಾಲಿನಲ್ಲಿದೆ. ಯಾರು ತಡೆದರು, ಏನು ಮಾಡಹೋದಾಗ, ಯಾವ ಪ್ರೊಫೈಲಿನ ನಿಯಮದಿಂದ, ಯಾವ ಕಡತಕ್ಕೆ, ಓದಲೋ ಬರೆಯಲೋ. ಪ್ರೊಫೈಲಿಗೆ ಹಳೆಯ ಜಾಗ ಗೊತ್ತು, ಹೊಸದು ಗೊತ್ತಿಲ್ಲ. ಮೂಲ ಪ್ರೊಫೈಲನ್ನು ತಿದ್ದದೆ ‘ಲೋಕಲ್’ ಉಪಫೋಲ್ಡರಿನ ಅದೇ ಹೆಸರಿನ ಕಡತದಲ್ಲಿ ಹೊಸ ದಾರಿಯನ್ನು ಸೇರಿಸಿ. ಅಪ್‌ಡೇಟ್ ಬಂದರೂ ಅದು ಉಳಿಯುತ್ತದೆ.

ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ ಇದರ ಜಾಗದಲ್ಲಿ ಎಸ್‌ಇಲಿನಕ್ಸ್ ಇರುತ್ತದೆ, ಅದು ದಾರಿಯನ್ನಲ್ಲ, ಕಡತಕ್ಕೆ ಅಂಟಿಸಿದ ಲೇಬಲ್ಲನ್ನು ನೋಡುತ್ತದೆ. ಹೋಮ್‌ನಲ್ಲಿ ತಯಾರಿಸಿದ ಪುಟವನ್ನು ‘ಎಂವಿ’ ಆದೇಶದಿಂದ ವೆಬ್ ಫೋಲ್ಡರಿಗೆ ಸರಿಸಿದರೆ ಹೋಮ್‌ನ ಲೇಬಲ್ ಜೊತೆಗೇ ಬರುತ್ತದೆ, ಬ್ರೌಸರ್‌ನಲ್ಲಿ 403 (ಪ್ರವೇಶವಿಲ್ಲ) ಕಾಣುತ್ತದೆ. ‘ಸಿಪಿ’ ಮಾಡಿದ್ದರೆ ಹೊಸ ಜಾಗದ ಲೇಬಲ್ ಅಂಟುತ್ತಿತ್ತು. ‘ರಿಸ್ಟೋರ್‌ಕಾನ್’ ಆದೇಶ ಲೇಬಲ್ಲನ್ನು ಸರಿಪಡಿಸುತ್ತದೆ. ವೆಬ್ ಸರ್ವರ್ ತನ್ನ ಬೆನ್ನಿಗೆ ಓಡುವ ಆಪ್ ಅನ್ನು ಸಂಪರ್ಕಿಸಲಾಗದೆ ‘13: ಪರ್ಮಿಷನ್ ಡಿನೈಡ್’ ಎಂದು ಬರೆದಿದ್ದರೆ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಎಂಬ ಸ್ವಿಚ್ ಆಫ್ ಆಗಿರಬಹುದು.

ಎಸ್‌ಇಲಿನಕ್ಸ್ ಮೇಲೆ ಸಂಶಯವಿದ್ದರೆ ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ಒಂದು ಸಲ ಪರೀಕ್ಷಿಸಿ, ತಕ್ಷಣ 1ಕ್ಕೆ ಮರಳಿಸಿ. ಆಗಲೂ ತೊಂದರೆ ಹೋಗದಿದ್ದರೆ ಕಾರಣ ಅದಲ್ಲ. ಸೆಟ್ಟಿಂಗ್ ಕಡತದಲ್ಲಿ ‘ಡಿಸೇಬಲ್ಡ್’ ಎಂದು ಬರೆಯಬೇಡಿ: ಆಗ ಹುಟ್ಟುವ ಕಡತಗಳಿಗೆ ಲೇಬಲ್ಲೇ ಇರುವುದಿಲ್ಲ, ಮರಳಿ ಆನ್ ಮಾಡುವಾಗ ಇಡೀ ಡಿಸ್ಕಿಗೆ ಲೇಬಲ್ ಹಚ್ಚಬೇಕಾಗುತ್ತದೆ.

ದಾಖಲೆಯಲ್ಲಿ ಆಪ್‌ಆರ್ಮರ್, ಎಸ್‌ಇಲಿನಕ್ಸ್ ಎರಡರ ಸುಳಿವೂ ಇಲ್ಲದಿದ್ದರೆ ಸೇವೆಯ ಸಿಸ್ಟಮ್‌ಡಿ ಕಡತ ನೋಡಿ. ‘ಪ್ರೊಟೆಕ್ಟ್‌ಹೋಮ್=ಯೆಸ್’ ಇದ್ದರೆ ಹೋಮ್ ಕಾಣುವುದಿಲ್ಲ; ‘ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್’ ಇದ್ದರೆ ಬರೆಯುವ ಜಾಗವನ್ನು ‘ರೀಡ್‌ರೈಟ್‌ಪಾತ್ಸ್’ನಲ್ಲಿ ಹೇಳಬೇಕು. ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನಲ್ಲಿ ಹೊಸ ಇಮೇಜ್ ಹಳೆಯ ಡಾಕರ್ ಮೇಲೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದರೆ ಡಾಕರ್ ಅನ್ನು ಹೊಸ ಆವೃತ್ತಿಗೆ ತನ್ನಿ. ಹೊಸ ಸಿಸ್ಟಮ್ ಕಾಲ್‌ಗಳು ಹಳೆಯ ಸೆಕ್‌ಕಾಂಪ್ ಪಟ್ಟಿಗೆ ಗೊತ್ತಿರುವುದಿಲ್ಲ. ‘ಪ್ರಿವಿಲೆಜ್ಡ್’ ಎಂದು ಓಡಿಸುವುದು ಉತ್ತರವಲ್ಲ.

ಫೋನಿನಲ್ಲಿ

ಕೊಟ್ಟಿದ್ದ ಅನುಮತಿ ಮಾಯವಾಗಿದ್ದರೆ, ಆಂಡ್ರಾಯ್ಡ್ 11ರಿಂದ ಕೆಲವು ತಿಂಗಳು ಬಳಸದ ಆಪ್‌ಗಳ ಅನುಮತಿಯನ್ನು ಫೋನೇ ಹಿಂಪಡೆಯುತ್ತದೆ. ಕೆಲವೇ ಫೋಟೊ ಕಂಡರೆ ‘ಆಯ್ದವು ಮಾತ್ರ’ ಎಂದು ಕೊಟ್ಟಿರುತ್ತೀರಿ. ಆಂಡ್ರಾಯ್ಡ್ 14 ಮತ್ತು ಐಒಎಸ್ 14ರಿಂದ ಇದು ಸಾಧ್ಯ.

ಇನ್ನೊಂದು ಲಕ್ಷಣ ಗಂಭೀರವಾದದ್ದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ (ಆಂಡ್ರಾಯ್ಡ್ ಆಪ್‌ನ ಕಡತ) ಹಾಕಿದ್ದೀರಿ, ಅದು ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ, ಸೆಟ್ಟಿಂಗ್ ಬೂದು ಬಣ್ಣದಲ್ಲಿದ್ದು ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಎನ್ನುತ್ತದೆ. ಇದು ದೋಷವಲ್ಲ, ಸ್ಟೋರ್‌ನ ಹೊರಗಿಂದ ಬಂದ ಆಪ್‌ಗಳಿಗೆ ಆಂಡ್ರಾಯ್ಡ್ 13ರಲ್ಲಿ ಹಾಕಿದ ತಡೆ. ಆ ಅನುಮತಿ ಸಿಕ್ಕರೆ ಆಪ್ ನಿಮ್ಮ ಪರದೆಯನ್ನು ಓದಬಹುದು, ನಿಮ್ಮ ಪರವಾಗಿ ಒತ್ತಬಹುದು. ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂದು ಹೇಳಿಕೊಂಡು ಯಾರಾದರೂ ಫೋನ್‌ನಲ್ಲಿ ಹೇಳಿಕೊಡುತ್ತ ಈ ತಡೆ ತೆಗೆಸುತ್ತಿದ್ದರೆ ಕರೆ ಕತ್ತರಿಸಿ, ಇಂಟರ್ನೆಟ್ ಆಫ್ ಮಾಡಿ, ಆಪ್ ಅಳಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ಕರೆ ಮಾಡಿ.

ಎಲ್ಲಿ ನಿಲ್ಲಿಸಬೇಕು

ಕಚೇರಿಯ ಕಂಪ್ಯೂಟರಿನಲ್ಲಿ ಸ್ವಿಚ್ ಬೂದಾಗಿದ್ದು ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದಿದ್ದರೆ ಮುಂದುವರಿಯಬೇಡಿ. ಐಟಿ ವಿಭಾಗವನ್ನು ಕೇಳಿ. ಮ್ಯಾಕ್‌ನ ಮೂಲ ಕಡತಗಳನ್ನು ಕಾಯುವ ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್ ಆಫ್ ಮಾಡಲು ಯಾವುದೇ ಮಾರ್ಗದರ್ಶಿ ಹೇಳಿದರೆ ಆ ಪುಟ ಮುಚ್ಚಿ. ಮಾಮೂಲಿಯಾಗಿ ಓಡುತ್ತಿದ್ದ ಆಪ್ ಇದ್ದಕ್ಕಿದ್ದಂತೆ ಸಂಬಂಧವಿಲ್ಲದ ಕಡತಗಳನ್ನು ಮುಟ್ಟಹೋಗಿ ದಾಖಲೆಯಲ್ಲಿ ನಿರಾಕರಣೆಗಳು ಸಾಲುಸಾಲಾಗಿ ಬರುತ್ತಿದ್ದರೆ ಅನುಮತಿ ಕೊಡಬೇಡಿ. ನೆಟ್‌ವರ್ಕ್ ತಪ್ಪಿಸಿ, ದಾಖಲೆಯನ್ನು ಹಾಗೇ ಉಳಿಸಿ, ಭದ್ರತೆ ಬಲ್ಲವರಿಗೆ ತೋರಿಸಿ.

ಸಹಾಯ ಕೇಳುವಾಗ ಸಂದೇಶದ ಪೂರ್ತಿ ಪದಗಳು, ಆಪ್ ಬಂದ ಮೂಲ ಮತ್ತು ಆವೃತ್ತಿ, ಕಾರ್ಯವ್ಯವಸ್ಥೆಯ ಆವೃತ್ತಿ, ತಡೆದ ಪದರದ ದಾಖಲೆ ಸಾಲು ಇಷ್ಟನ್ನು ಕೊಡಿ. ದಾಖಲೆಯಲ್ಲಿ ಬಳಕೆದಾರರ ಹೆಸರು, ಫೋಲ್ಡರಿನ ಹೆಸರುಗಳು ಇರುತ್ತವೆ. ಸಾರ್ವಜನಿಕವಾಗಿ ಹಾಕುವ ಮುನ್ನ ಅಳಿಸಿ.

ಪರೀಕ್ಷೆಗೆಂದು ಸಡಿಲಿಸಿದ್ದನ್ನು ಅದೇ ದಿನ ಬಿಗಿಗೊಳಿಸಿ. ಫ್ಲಾಟ್‌ಸೀಲ್‌ನಲ್ಲಿ ‘ರೀಸೆಟ್’ ಗುಂಡಿ ಇದೆ. ಸ್ನ್ಯಾಪ್‌ಗೆ ‘ಡಿಸ್‌ಕನೆಕ್ಟ್’, ತಡೆಯದೆ ದಾಖಲಿಸುವ ‘ಕಂಪ್ಲೇನ್’ ಸ್ಥಿತಿಗೆ ಹಾಕಿದ ಆಪ್‌ಆರ್ಮರ್ ಪ್ರೊಫೈಲಿಗೆ ‘ಎಎ-ಎನ್‌ಫೋರ್ಸ್’. ಮ್ಯಾಕ್‌ನಲ್ಲಿ ಯಾವ ಸ್ವಿಚ್ ಹಾಕಿದಿರೋ ನೆನಪಿಲ್ಲದಿದ್ದರೆ ‘ಟಿಸಿಸಿಯುಟಿಲ್ ರೀಸೆಟ್ ಆಲ್’ ಕೊಡಿ. ಆಪ್‌ಗಳು ಮುಂದಿನ ಸಲ ಹೊಸದಾಗಿ ಅನುಮತಿ ಕೇಳುತ್ತವೆ.